ಹಾಲಮ್ಮನ ಮೂರನೆಯ ಚೀಟಿ

ಈ ಊರಿಗೆ ದಿನಕ್ಕೆ ಒಂದೇ ಬಸ್ಸು. ಸಂಜೆ ನಾಲ್ಕಕ್ಕೆ ಬರುತ್ತದೆ, ಹತ್ತು ನಿಮಿಷ ನಿಲ್ಲುತ್ತದೆ, ಖಾಲಿಯಾಗಿ ಹಿಂದಿರುಗುತ್ತದೆ. ಊರಿನವರು ಯಾರೂ ಅದನ್ನು ಹತ್ತುವುದಿಲ್ಲ. ಹೊರಗೆ ಹೋಗಬೇಕಾದವರು ಗಿರಣಿಯ ಹಿಂದಿನ ಕಾಲುದಾರಿ ಹಿಡಿದು ನಡೆದು ಹೋಗುತ್ತಾರೆ, ನಡೆದೇ ಬರುತ್ತಾರೆ. ಗೊತ್ತಿದ್ದವರು ನಡೆದು ಬರುತ್ತಾರೆ, ಗೊತ್ತಿಲ್ಲದವರು ಬಸ್ಸಿನಲ್ಲಿ ಬರುತ್ತಾರೆ. ಇದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಆದರೂ ಎಲ್ಲರಿಗೂ ಗೊತ್ತು. ನಾನು ಬಸ್ಸಿನಲ್ಲಿ ಬಂದವನು.

ಬಸ್ಸು ನಿಲ್ಲುವ ಜಾಗದ ಎದುರಿಗೆ ಹೆಂಚಿನ ಒಂದು ಕೋಣೆ ಇದೆ. ಅದರ ಬೋರ್ಡಿನ ಅಕ್ಷರಗಳು ಬಿಸಿಲಿಗೆ ಅಳಿಸಿಹೋಗಿವೆ. ಜನ ಅದನ್ನು ‘ಯಾರಾದರೂ ಕಚೇರಿ’ ಎನ್ನುತ್ತಾರೆ. ಯಾರಾದರೂ ಬೇಕಾದವರು ಅಲ್ಲಿಗೆ ಬಂದು ತಮಗೆ ಎಂಥವರು ಬೇಕು ಎಂದು ಹೇಳುತ್ತಾರೆ. ಅಲ್ಲಿಯ ಗುಮಾಸ್ತನಾದ ನಾನು ಅದನ್ನು ಚೀಟಿಯಲ್ಲಿ ಬರೆದು, ಮೊಹರು ಒತ್ತಿ, ಬಸ್ಸು ನಿಲ್ಲುವಲ್ಲಿರುವ ಹಲಗೆಗೆ ಚುಚ್ಚುತ್ತೇನೆ. ಮರುದಿನ ನಾಲ್ಕಕ್ಕೆ ಅಂಥವರು ಒಬ್ಬರು ಇಳಿಯುತ್ತಾರೆ. ಇಳಿಯುವವರಿಗೆ ತಮ್ಮನ್ನು ಯಾರೋ ಕೇಳಿದ್ದಾರೆಂದು ಗೊತ್ತಿರುವುದಿಲ್ಲ. ಒಬ್ಬರಿಗೆ ವರ್ಗವಾಗಿರುತ್ತದೆ, ಇನ್ನೊಬ್ಬರು ನಿದ್ದೆ ಹೋಗಿ ತಮ್ಮ ಊರು ದಾಟಿ ಬಂದಿರುತ್ತಾರೆ, ಮತ್ತೊಬ್ಬರು ಯಾವುದೋ ನಂಟರ ವಿಳಾಸ ಹುಡುಕುತ್ತಿರುತ್ತಾರೆ. ಎರಡು ದಿನ ಇದ್ದು ಹೋಗೋಣ ಎಂದುಕೊಳ್ಳುತ್ತಾರೆ. ಆಮೇಲೆ ಹೋಗುವುದಿಲ್ಲ.

ನಾನು ಇಲ್ಲಿಯ ಶಾಲೆಯಲ್ಲಿ ಸ್ಪ್ಯಾನಿಷ್ ಮೇಷ್ಟರ ಕೆಲಸ ಖಾಲಿ ಇದೆ ಎಂದು ನಂಬಿ ಬಂದಿದ್ದೆ. ಪದವಿಯ ಜೊತೆಗೆ ಆ ಭಾಷೆಯಲ್ಲಿ ನಾಲ್ಕು ವರ್ಷದ ಡಿಪ್ಲೊಮಾ ಮಾಡಿದ್ದೆ, ಅದರಿಂದ ಎಲ್ಲಿಯೂ ಅನ್ನ ಹುಟ್ಟಿರಲಿಲ್ಲ. ಬಸ್ಸಿನಿಂದ ಇಳಿದಾಗ ಒಬ್ಬರು ಮುದುಕರು ಚೊಂಬಿನಲ್ಲಿ ನೀರು ಕೊಟ್ಟರು. ಅವರು ಆಗಿನ ಗುಮಾಸ್ತರು, ವೆಂಕೋಬರಾಯರು. ಎದುರಿನವರು ಸುಮ್ಮನಾದಾಗ ತಾವೂ ಸುಮ್ಮನೆ ಕೂರಬಲ್ಲ ಯಾರಾದರೂ ಬೇಕೆಂದು ಅವರು ತಮ್ಮ ಕೊನೆಯ ಚೀಟಿ ಬರೆದಿದ್ದರಂತೆ. ಎರಡು ವರ್ಷ ನನಗೆ ಕೆಲಸ ಕಲಿಸಿ ತೀರಿಕೊಂಡರು. ನಾನು ಬಂದು ಆರು ವರ್ಷವಾಯಿತು.

ಒಂದು ಜೀವಕ್ಕೆ ಮೂರೇ ಚೀಟಿ. ಅದರಿಂದ ಜನ ಯೋಚಿಸಿ ಬರುತ್ತಾರೆ, ಯೋಚಿಸಿಯೂ ತಪ್ಪು ಮಾಡುತ್ತಾರೆ. ದೊಡ್ಡಲಿಂಗಪ್ಪನವರು ಮಾತಾಡದೆ ಕ್ಷೌರ ಮಾಡುವವರು ಬೇಕೆಂದು ಬರೆಸಿದರು. ಬಂದವನು ಮಾತಾಡುವುದಿಲ್ಲ ನಿಜ, ಆದರೆ ಕತ್ತರಿ ಕೈಗೆ ತೆಗೆದುಕೊಂಡಾಗಿನಿಂದ ಕೆಳಗಿಡುವವರೆಗೂ ಶಿಳ್ಳೆ ಹಾಕುತ್ತಾನೆ. ಶಾಲೆಗೆ ಲೆಕ್ಕ ಕಲಿಸಬಲ್ಲವರು ಬೇಕೆಂದು ಬರೆಸಿದಾಗ ಮೀನು ಮಾರುವ ಹೆಂಗಸೊಬ್ಬರು ಬುಟ್ಟಿಯ ಸಮೇತ ಇಳಿದರು. ಈಗ ಮಕ್ಕಳು ಭಿನ್ನರಾಶಿಯನ್ನು ಬಂಗುಡೆಯ ತಲೆ ಬಾಲಗಳಲ್ಲಿ ಮಾಡುತ್ತಾರೆ, ತಪ್ಪಿಲ್ಲದೆ ಮಾಡುತ್ತಾರೆ.

ಈ ಕೆಲಸದ ಕಷ್ಟ ಬೇರೆ ಇದೆ. ಕೇಳುವವರ ಮನಸ್ಸಿನಲ್ಲಿ ಯಾವುದೇ ಮುಖ ಇರಬಾರದು. ಇದ್ದರೆ ಬಸ್ಸು ಬರಿದಾಗಿ ಬರುತ್ತದೆ. ‘ಯಾರಾದರೂ ಆದೀತು’ ಎನ್ನುತ್ತ ಬರುವವರು ಆ ಮಾತಿನೊಳಗೆ ಒಬ್ಬರನ್ನು ಬಚ್ಚಿಟ್ಟುಕೊಂಡೇ ಬಂದಿರುತ್ತಾರೆ. ತಾವು ಬಚ್ಚಿಟ್ಟುಕೊಂಡಿದ್ದೇವೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಅದನ್ನು ಕಂಡುಹಿಡಿಯಲು ನನ್ನ ಡಿಪ್ಲೊಮಾ ಉಪಯೋಗಕ್ಕೆ ಬಂತು. ನಮಗೆ ಪಾಠ ಮಾಡುತ್ತಿದ್ದ ಮೆನೆಜಸ್ ಮೇಡಂ ಒಂದು ತಿಂಗಳು ಪೂರ್ತಿ ಇದೊಂದನ್ನೇ ತಿದ್ದಿಸಿದ್ದರು: ಅಡುಗೆ ಬಲ್ಲ ಒಬ್ಬರು ನನಗೆ ಗೊತ್ತು ಎನ್ನುವಾಗ ‘ಬಲ್ಲ’ ಎಂಬುದಕ್ಕೆ ಆ ಭಾಷೆಯಲ್ಲಿ ‘ಸಾಬೆ’. ಅಡುಗೆ ಬಲ್ಲ ಯಾರಾದರೂ ಬೇಕು ಎನ್ನುವಾಗ ‘ಸೆಪಾ’. ಇರುವವರಿಗೆ ಒಂದು ರೂಪ, ಇದ್ದಾರೋ ಇಲ್ಲವೋ ತಿಳಿಯದವರಿಗೆ ಇನ್ನೊಂದು. ಪರೀಕ್ಷೆಯಲ್ಲಿ ನಾನು ಇದರಲ್ಲೇ ಅಂಕ ಕಳೆದುಕೊಂಡಿದ್ದೆ. ಈಗ ಎದುರಿಗೆ ಕೂತವರ ಮಾತನ್ನು ಮನಸ್ಸಿನಲ್ಲೇ ಆ ಭಾಷೆಗೆ ತಿರುಗಿಸಿಕೊಳ್ಳುತ್ತೇನೆ. ನನ್ನ ನಾಲಿಗೆ ತಾನಾಗಿ ಯಾವ ರೂಪಕ್ಕೆ ಹೊರಳುತ್ತದೆಂದು ನೋಡುತ್ತೇನೆ. ಇರುವವರ ರೂಪಕ್ಕೆ ಹೊರಳಿದರೆ ಒಳಗೊಂದು ಮುಖ ಇದೆ ಎಂದರ್ಥ. ಆಗ ಪೆನ್ನು ಕೆಳಗಿಟ್ಟು, ನಾಳೆ ಬನ್ನಿ ಎನ್ನುತ್ತೇನೆ.

ಆರು ವರ್ಷ ದಿನವೂ ಜನರ ಕೊರತೆಗಳನ್ನು ಕೇಳಿದರೆ ಕಿವಿ ಒಂದು ರೀತಿ ಸವೆಯುತ್ತದೆ. ಇತ್ತೀಚೆಗೆ ನನಗೆ ಬೇಜಾರೂ ಆಗುವುದಿಲ್ಲ, ದಣಿವಾಗುತ್ತದೆ. ಹಾಲಮ್ಮ ಮೂರನೆಯ ಚೀಟಿಗೆ ಬಂದ ಬೆಳಿಗ್ಗೆಯೂ ಹಾಗೇ ಇದ್ದೆ.

ಹಾಲಮ್ಮ ಹಿಟ್ಟಿನ ಗಿರಣಿಯವರು. ಗಿರಣಿ ಕಚೇರಿಯ ಪಕ್ಕದಲ್ಲೇ ಇದೆ. ಅದರ ಮುಂದೆ ಒಂದು ಮರದ ಬೆಂಚು, ಬಸ್ಸು ನಿಲ್ಲುವ ಕಡೆಗೆ ಮುಖ ಮಾಡಿದ್ದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಅಲ್ಲಿ ಕೂತಿರುತ್ತಾರೆ. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರ ಗಂಡ ಕೊಟ್ರಪ್ಪ ಒಂದು ಮಾತೂ ಹೇಳದೆ ಕಾಲುದಾರಿ ಹಿಡಿದು ಹೊರಟುಹೋದರು. ಕಾಳು ಮುಗಿದಿದ್ದರೂ ಗಿರಣಿಯನ್ನು ನಿಲ್ಲಿಸಿರಲಿಲ್ಲ. ನಡುವೆ ಕಾಳಿಲ್ಲದೆ ಕಲ್ಲಿಗೆ ಕಲ್ಲು ತಿರುಗಿದರೆ ಎರಡೂ ಹಾಳು, ಇದು ಗಿರಣಿಯವರ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುತ್ತದಂತೆ. ಹಾಲಮ್ಮ ಹೊಳೆಯಿಂದ ಬಟ್ಟೆ ಒಗೆದು ಬರುವಷ್ಟರಲ್ಲಿ ಸುಟ್ಟ ವಾಸನೆ ಬೀದಿಯವರೆಗೆ ಬಂದಿತ್ತು. ಗಂಡ ಹೋದದ್ದು ಅವರಿಗೆ ಗೊತ್ತಾದದ್ದು ಹಾಗೆ. ನಡೆದು ಹೋದವರು ನಡೆದು ಬರಬೇಕು. ಕೊಟ್ರಪ್ಪ ಬರಲಿಲ್ಲ. ಕಾಲಿಗೆ ಏನಾದರೂ ಆಗಿರಬಹುದು, ಬಸ್ಸಿನಲ್ಲಾದರೂ ಕರೆಸೋಣ ಎಂದು ಅವರು ಚೀಟಿ ಹಾಕತೊಡಗಿದರು.

ಮೊದಲನೆಯದು ವೆಂಕೋಬರಾಯರ ಕಾಲದಲ್ಲಿ. ಎರಡನೆಯದನ್ನು ನಾನೇ ಬರೆದೆ, ನಾಲ್ಕು ವರ್ಷದ ಹಿಂದೆ. ನಡೆಯುವುದಿಲ್ಲ, ಬೇಡ ಎಂದು ಹೇಳಿದ್ದೆ, ಕೇಳಲಿಲ್ಲ. ಮರುದಿನ ಚೊಂಬು ಹಿಡಿದು ನಿಂತರು. ಬಸ್ಸು ಬರಿದಾಗಿ ಬಂತು. ಡ್ರೈವರ್ ಒಂದಿಷ್ಟು ಹೊತ್ತು ನೋಡಿ, ಇಳಿದು ಬಂದು, ಆ ನೀರನ್ನು ತಾನೇ ಕುಡಿದು, ಚೊಂಬನ್ನು ಬೋರಲು ಹಾಕಿ ಅವರ ಕೈಗೆ ಕೊಟ್ಟ.

ಈ ಸಲ ಅವರು ಹುಬ್ಬಿನ ಮೇಲೆ ಹಿಟ್ಟು ಇಟ್ಟುಕೊಂಡೇ ಬಂದು ಎದುರಿಗೆ ಕೂತರು. ಕುಪ್ಪಸದಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಒಂದರ ಕೆಳಗೊಂದು ಹದಿನಾರು ಸಾಲು ಇದ್ದವು. ಎಡಗಾಲು ಮುಂದಿಟ್ಟು ಹೊಸ್ತಿಲು ದಾಟುವವರು. ಮಜ್ಜಿಗೆಗೆ ಬೆಲ್ಲ ಹಾಕಿಕೊಳ್ಳುವವರು. ಬಲಗೈಯ ಹೆಬ್ಬೆರಳಿನ ಉಗುರು ಸೀಳಿದವರು. ನಾನು ಓದಿ ಹಾಳೆಯನ್ನು ಅವರ ಕಡೆಗೆ ಸರಿಸಿದೆ. ಚೀಟಿಯಲ್ಲಿ ಮೂರು ಗುಣಕ್ಕಿಂತ ಹೆಚ್ಚು ಹಿಡಿಸುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಇದು ಕೊನೆಯದು ಎಂದೂ ಗೊತ್ತಿತ್ತು. ಇದನ್ನು ಬೇರೆ ಏನಕ್ಕಾದರೂ ಇಟ್ಟುಕೊಳ್ಳಿ, ವಯಸ್ಸಾದ ಮೇಲೆ ನೋಡಿಕೊಳ್ಳುವವರು ಬೇಕಾದಾರು ಎಂದೆ.

“ವಯಸ್ಸಾಗಕ್ಕೆ ಇನ್ನೇನು ಬಾಕಿ ಐತ್ರಿ ಮೇಷ್ಟ್ರೇ?” ಎಂದರು. ಪಾಠ ಮಾಡಲು ಬಂದವನೆಂದು ಊರೆಲ್ಲ ನನ್ನನ್ನು ಮೇಷ್ಟ್ರು ಎನ್ನುತ್ತದೆ, ನಾನು ಒಂದು ದಿನವೂ ಪಾಠ ಮಾಡಿಲ್ಲ. “ಈಗ್ಲೇ ಹಾಕ್ಬೇಕು. ಇಲ್ಲಾಂದ್ರೆ ಪೂರ್ತಿ ಹೊಂಟೋಗುತ್ತೆ.”

ಏನು ಹೋಗುತ್ತದೆ ಎಂದು ಕೇಳಲಿಲ್ಲ. ಮೂರನ್ನು ಆರಿಸಿ ಎಂದೆ.

ಅವರು ಬೆರಳಿಟ್ಟು ಒಂದೊಂದೇ ಸಾಲು ನೋಡಿದರು. ಮುಖದ ಗುರುತುಗಳನ್ನೆಲ್ಲ ನಾನೇ ಹೊಡೆದುಹಾಕಿದೆ. ಉಳಿದವುಗಳಲ್ಲಿ ಮೊದಲು ಅವರು ಆರಿಸಿದ್ದು ನಿಂತುಕೊಂಡು ಉಣ್ಣುವವರು ಎಂಬುದನ್ನು. ಇಪ್ಪತ್ತು ವರ್ಷ ಕೂತು ಉಣ್ಣಿ ಎಂದು ಹೇಳಿಯೂ ಕೊಟ್ರಪ್ಪ ಒಂದು ದಿನ ಕೂತು ಉಂಡಿರಲಿಲ್ಲವಂತೆ. ತಟ್ಟೆ ಕೈಯಲ್ಲಿ ಹಿಡಿದು ಬಾಗಿಲಿಗೆ ಒರಗಿ ಬೀದಿ ನೋಡುತ್ತ ಉಣ್ಣುತ್ತಿದ್ದರು. ಎರಡನೆಯದು, ಗಿರಣಿ ನಡೆಯುವಾಗ ಮಾತ್ರ ಹಾಡುವವರು. ಆ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲವೆಂದು ಅವರು ಹಾಡಿಕೊಳ್ಳುತ್ತಿದ್ದರು. “ತುಟಿ ಆಡೋದು ಕಾಣಾದು. ಹಾಡು ನಂಗೆ ಒಂದಿನಾನೂ ಕೇಳಿಲ್ಲ ನೋಡ್ರಿ,” ಎಂದು ಹಾಲಮ್ಮ ಸ್ವಲ್ಪ ನಕ್ಕರು. ನಾನು ಎರಡನ್ನೂ ಮನಸ್ಸಿನಲ್ಲಿ ಆ ಭಾಷೆಗೆ ತಿರುಗಿಸಿಕೊಂಡೆ. ಎರಡಕ್ಕೂ ನಾಲಿಗೆ ಇರುವವರ ರೂಪಕ್ಕೇ ಹೊರಳಿತು. ಈ ಬಸ್ಸೂ ಬರಿದು ಎಂದುಕೊಂಡೆ. ಆಮೇಲೆ ಯಾಕೋ, ಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದೆ. ಮಾತಾಡುವಾಗ ಕೊಟ್ರಪ್ಪನವರ ದನಿ ಹೇಗಿತ್ತು ಎಂದು.

ಹಾಲಮ್ಮ ಬಾಯಿ ತೆರೆದರು, ಹಾಗೇ ಮುಚ್ಚಿದರು.

ಸುಮ್ಮನಿರುವುದು ನನ್ನ ಕಸುಬು. ಹಿಂದಿನ ಸಲ ಇದೇ ಕುರ್ಚಿಯಲ್ಲಿ ಕೂತು ಅವರು ಸುಮ್ಮನಾಗುತ್ತಿದ್ದಾಗ, ಆ ಮೌನದಲ್ಲಿ ಒಬ್ಬ ಗಂಡಸು ಬಂದು ನಿಂತಿರುತ್ತಿದ್ದ. ಅವನು ಎತ್ತರವೋ ಗಿಡ್ಡವೋ ನನಗೆ ತಿಳಿಯದಿದ್ದರೂ ಅವನಿದ್ದಾನೆಂದು ಗೊತ್ತಾಗುತ್ತಿತ್ತು. ಈ ಸಲ ಅಲ್ಲಿ ಯಾರೂ ಇರಲಿಲ್ಲ. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವರು ಹೊಡೆದು ಮುಗಿಸಿ ಹೋದರು. ಹಾಲಮ್ಮನ ಕಣ್ಣು ಗೋಡೆಯ ಮೇಲೆ ಏನನ್ನೋ ಹುಡುಕಿ, ಸಿಗದೆ, ಮೇಜಿಗೆ ಬಂತು.

“ಮುಖಾನೂ ಅಷ್ಟೆ,” ಎಂದರು. “ಮದುವೆ ಫೋಟೋದಾಗೆ ತಲೆ ಅಲ್ಲಾಡ್ಸಿದಾನೆ, ಏನೂ ಕಾಣಲ್ಲ. ಆಮೇಲೆ ಯಾವಾಗ್ಲೂ ಹಿಟ್ಟು ಮೆತ್ಕಂಡೇ ಇರ್ತಿದ್ದ. ಈ ಪಟ್ಟಿನ ನಾನು ಹೋದ ವರ್ಷ ಬರ್ದಿದ್ದು. ಈಗ ಬರೀ ಅಂದ್ರೆ ಇಷ್ಟು ಬರಲ್ಲ.”

ಮೂರನೆಯದು ಏನು ಬರೆಯಲಿ ಎಂದೆ. ಅವರು ಪಟ್ಟಿಯನ್ನು ನೋಡಲಿಲ್ಲ. “ಹೋಗೋ ಮುಂಚೆ ಹೇಳಿ ಹೋಗೋರು ಅಂತ ಬರ್ಕೊಳ್ರಿ.”

ಕೊಟ್ರಪ್ಪನವರು ಹೇಳಿ ಹೋಗಲಿಲ್ಲವಲ್ಲ ಎಂದೆ. ಇಲ್ಲ ಎಂದರು. ಆದರೂ ಹಾಗೇ ಬರೆಯಬೇಕೆಂದರು. ಬರೆಯುತ್ತಿರುವಾಗಲೇ ಮೂರು ಸಾಲೂ ನನ್ನೊಳಗೆ ಒಮ್ಮೆಗೇ ಮಗ್ಗುಲು ಬದಲಾಯಿಸಿದವು. ನಿಂತು ಉಣ್ಣುವವರು, ಹಾಡುವವರು, ಹೇಳಿ ಹೋಗುವವರು: ಎಲ್ಲವೂ ಇದ್ದಾರೋ ಇಲ್ಲವೋ ತಿಳಿಯದವರ ರೂಪದಲ್ಲಿದ್ದವು. ಚೀಟಿ ನಡೆಯುತ್ತದೆಂದು ನನಗೆ ಗೊತ್ತಾಯಿತು.

ವೆಂಕೋಬರಾಯರು ಕಲಿಸಿದ ನಿಯಮಗಳಲ್ಲಿ ಒಂದು, ಚೀಟಿ ನಡೆಯುತ್ತದೋ ಇಲ್ಲವೋ ಎಂದು ಕೇಳಿದವರಿಗೆ ಹೇಳಕೂಡದು. ನಡೆಯುವುದಿಲ್ಲ ಎಂದು ನಾಲ್ಕು ವರ್ಷದ ಹಿಂದೆ ಇವರಿಗೇ ಹೇಳಿ ನಾನು ಅದನ್ನು ಮುರಿದಿದ್ದೆ. ಈಗ ಮತ್ತೆ ಮುರಿದೆ. ಪೆನ್ನಿನ ಮುಚ್ಚಳ ಹಾಕಿ, “ಅಮ್ಮಾ, ಈ ಸಲ ಬರ್ತಾರೆ. ಆದ್ರೆ ಬಂದವರು ಅವರೇ ಹೌದೋ ಅಲ್ವೋ ನಿಮಗೆ ಗೊತ್ತಾಗಲ್ಲ,” ಎಂದೆ. “ಗೊತ್ತಾಗದಷ್ಟು ಮರ್ತಿರೋದಕ್ಕೇ ಬರ್ತಿರೋದು.”

ಹಾಲಮ್ಮ ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡರು. “ನಂಗೆ ಗೊತ್ತಾಗ್ದಿದ್ರೆ ಬಿಡ್ರಿ. ಗಿರಣಿ ನೋಡಿದ್ರೆ ಅವನಿಗೆ ಗೊತ್ತಾಗುತ್ತಲ್ಲ,” ಎಂದು ಮೊಹರಿನ ಡಬ್ಬಿಯನ್ನು ತಾವೇ ನನ್ನ ಕಡೆಗೆ ತಳ್ಳಿದರು. ನಾನು ಒತ್ತಿದೆ. ಒತ್ತದೆ ಇರಬಹುದಿತ್ತು. ನಾಳೆ ಬನ್ನಿ ಎನ್ನಬಹುದಿತ್ತು, ನಾಳೆಗೆ ಅವರ ಹತ್ತಿರ ನೆನಪು ಇನ್ನಷ್ಟು ಕಡಿಮೆ ಇರುತ್ತಿತ್ತು.

ಮರುದಿನ ನಾಲ್ಕಕ್ಕೆ ಬೀದಿ ಖಾಲಿಯಾಗಿತ್ತು. ಬಂದವರು ಮೊದಲ ಊಟ ಮುಗಿಸುವ ತನಕ ಅವರ ಹೆಸರು ಕೇಳಬಾರದು, ಚೀಟಿ ಹಾಕಿದವರು ಮತ್ತು ಗುಮಾಸ್ತ ಬಿಟ್ಟು ಬೇರೆ ಯಾರೂ ಎದುರಿಗೆ ಬರಬಾರದು ಎಂಬುದು ಇಲ್ಲಿಯ ಕ್ರಮ. ಬಾಗಿಲುಗಳ ಹಿಂದೆ ಜನ ಇದ್ದರು, ಕೆಮ್ಮು ಕೇಳುತ್ತಿತ್ತು. ಹಾಲಮ್ಮ ಚೊಂಬು ಹಿಡಿದು ನಿಂತಿದ್ದರು. ತಲೆ ಬಾಚಿಕೊಂಡಿದ್ದರು, ಇಸ್ತ್ರಿಯ ಮಡಿಕೆ ಕಾಣುವ ಸೀರೆ ಉಟ್ಟಿದ್ದರು.

ಬಸ್ಸಿನಿಂದ ಒಬ್ಬರು ಇಳಿದರು. ಐವತ್ತರ ಮೇಲಿನ ವಯಸ್ಸು, ತೆಳ್ಳನೆಯ ಮೈ, ಕೈಯಲ್ಲಿ ರೆಕ್ಸಿನ್ ಚೀಲ. ನಿದ್ದೆ ಬಂದುಬಿಟ್ಟಿತ್ತು, ಇದು ಯಾವ ಊರು ಎಂದು ಕೇಳಿದರು. ಹಾಲಮ್ಮ ಚೊಂಬು ಮುಂದೆ ಮಾಡಿದರು. ಅವರು ಎತ್ತಿ ಕುಡಿಯುವಾಗ ಹಾಲಮ್ಮ ಅವರ ಗಂಟಲು ನೋಡಿದರು, ಕಿವಿ ನೋಡಿದರು, ಚೊಂಬು ಹಿಡಿದ ಕೈಯ ಉಗುರು ನೋಡಿದರು. ಆದರೆ ಅವರು ಹಿಡಿದದ್ದು ಎಡಗೈಯಲ್ಲಿ, ಬಲಗೈಯಲ್ಲಿ ಚೀಲವಿತ್ತು. ಹಾಲಮ್ಮನ ಮುಖದಲ್ಲಿ ಏನೂ ತೀರ್ಮಾನವಾಗಲಿಲ್ಲ. ಹೊಟ್ಟೆಗೆ ಏನಾದರೂ ತಿಂದು ಹೋಗಿ ಎಂದು ಗಿರಣಿಗೆ ಕರೆದುಕೊಂಡು ಹೋದರು. ನಾನು ಹಿಂದೆ ಹೋದೆ.

ತಟ್ಟೆಯಲ್ಲಿ ಎರಡು ರೊಟ್ಟಿ, ಹುಚ್ಚೆಳ್ಳು ಪುಡಿ, ಮೊಸರು ಇತ್ತು. ಕೂರಲು ಮಣೆ ಹಾಕಿದ್ದರು. ಬಂದವರು ಮಣೆಯನ್ನು ನೋಡಿ, ಕೂತೇ ಬಂದಿದ್ದೇನಲ್ಲ ಎಂದು ತಟ್ಟೆ ಕೈಗೆತ್ತಿಕೊಂಡು ಬಾಗಿಲಿಗೆ ಒರಗಿ ನಿಂತರು. ಬೀದಿ ನೋಡುತ್ತ ತಿಂದರು. ಹಾಲಮ್ಮನ ಕೈ ಸೆರಗಿನ ತುದಿಯನ್ನು ಸುತ್ತಿ ಬಿಚ್ಚುತ್ತಿತ್ತು. ಅವರು ಕೂತು ಉಣ್ಣಿ ಎಂದು ಹೇಳುತ್ತಾರೆಂದು ನಾನು ಕಾದೆ. ಹೇಳಲಿಲ್ಲ.

ಬಂದವರು ತಿಂದು ಕೈ ತೊಳೆದ ಮೇಲೆ, ಹೆಸರು ಕೇಳಬಹುದಾದ ಹೊತ್ತಿನಲ್ಲಿ, ಹಾಲಮ್ಮ ಹೋಗಿ ಗಿರಣಿಯ ಸ್ವಿಚ್ಚು ಹಾಕಿದರು. ಕಾಳು ಸುರಿಯುವ ತಗಡಿನ ಬಾಯಿ ಖಾಲಿ ಇತ್ತು. ಖಾಲಿ ಇದೆ ಎಂದು ಹೇಳಲು ನಾನು ಕೈ ಎತ್ತಿದೆ, ಅವರು ನನ್ನನ್ನು ನೋಡಲಿಲ್ಲ. ಬೆಲ್ಟು ಸುತ್ತಿತು, ನೆಲ ಅದುರಿತು, ಕಲ್ಲಿಗೆ ಕಲ್ಲು ತಾಗಿ ಹಲ್ಲು ಜುಮ್ಮೆನ್ನುವ ಸದ್ದು ಎದ್ದಿತು. ಬಂದವರು ಮೊದಲು ಕಿವಿ ಮುಚ್ಚಿಕೊಂಡರು. ಆಮೇಲೆ ಕೈ ಇಳಿಸಿ, ಸುತ್ತ ನೋಡಿ, ಗೋಡೆಯ ಕಡೆಗೆ ಸ್ವಲ್ಪ ತಿರುಗಿದರು. ಅವರ ತುಟಿಗಳು ಆಡತೊಡಗಿದವು.

ಹಾಲಮ್ಮ ಸ್ವಿಚ್ಚಿನ ಮೇಲಿನ ಕೈ ತೆಗೆಯಲಿಲ್ಲ. ಸುಟ್ಟ ವಾಸನೆ ಬರಲಾರಂಭಿಸಿತು, ಒಂಬತ್ತು ವರ್ಷದ ಹಿಂದೆ ಬೀದಿಯವರೆಗೆ ಬಂದದ್ದು ಇದೇ ಇರಬೇಕು. ಇನ್ನೂ ಸ್ವಲ್ಪ ಹೊತ್ತು ನೋಡಿ, ಅವರು ಸ್ವಿಚ್ಚು ಆರಿಸಿದರು.

ಬೆಲ್ಟು ನಿಧಾನವಾಯಿತು, ನಿಂತಿತು. ಬಂದವರಿಗೆ ಅದು ತಕ್ಷಣ ತಿಳಿಯಲಿಲ್ಲ. ಸದ್ದು ಹೋದ ಕೋಣೆಯಲ್ಲಿ ಅವರ ಹಾಡಿನ ಒಂದು ಸಾಲು ಉಳಿದುಬಿಟ್ಟಿತು. ಯಾವುದೋ ಹಳೆಯ ಜೋಗುಳ, ದನಿ ಸಣ್ಣದು, ಶ್ರುತಿ ಸರಿಯಿರಲಿಲ್ಲ. ಅವರು ನಾಚಿ ನಿಲ್ಲಿಸಿದರು. ಹಾಲಮ್ಮ ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದರು, ಸಾಲು ಮುಗಿದ ಮೇಲೂ ಹಾಗೇ ಇದ್ದರು. ಅವರ ಮುಖದಲ್ಲಿ ಏನೋ ನಡೆಯಿತು. ಅದು ದುಃಖವೋ ಸಂತೋಷವೋ ಎಂದು ಹೇಳಲು ನನಗೆ ಯಾವ ಭಾಷೆಯೂ ಸಾಲಲಿಲ್ಲ. ಮೂಲೆಯಿಂದ ಜೋಳದ ಚೀಲ ಎಳೆದು ತಂದು ಅರ್ಧ ಮೊರ ತಗಡಿನ ಬಾಯಿಗೆ ಸುರಿದರು. “ನಿಮ್ಮ ಹೆಸರೇನಪ್ಪಾ?” ಎಂದು ಕೇಳಿದರು. ಬಂದವರು ಗಂಗಾಧರಯ್ಯ ಎಂದರು. ನಾನು ಹೊರಟು ಬಂದೆ.

ಮರುದಿನ ಬೆಳಿಗ್ಗೆ, ಕೇಳಿದವರು ಬಂದರೋ ಇಲ್ಲವೋ ಎಂದು ಚೀಟಿಯ ಬೆನ್ನಿಗೆ ಬರೆಯಬೇಕಿತ್ತು. ಕೇಳಲು ಹೋಗುವ ಮನಸ್ಸು ನನಗಿರಲಿಲ್ಲ. ಹಾಲಮ್ಮ ತಾವೇ ಬಂದರು. ಬಂದರು ಎಂದು ಬರೆದುಕೊಳ್ಳಿ ಎಂದರು. ಬರೆದೆ. ಅವರು ಏಳಲಿಲ್ಲ.

“ಆ ಹಾಡು ಕೇಳಿಸ್ತು ನೋಡ್ರಿ,” ಎಂದರು, “ಇದು ಅವನ ದನಿ ಅಲ್ಲ ಅನ್ನಿಸ್ತು. ಅಲ್ಲ ಅನ್ನಿಸ್ಬೇಕಾದ್ರೆ ಅವನದು ಯಾವ್ದು ಅಂತ ಗೊತ್ತಿರ್ಬೇಕಲ್ಲ? ಅಷ್ಟ್ರಾಗೆ ಅದೂ ಬಂತು. ಹಾಡಲ್ಲ, ಮಾತಾಡ್ತಿದ್ನಲ್ಲ, ಆ ದನಿ. ಒಂಚೂರು ಮೂಗಿನಾಗೆ. ಅದರ ಹಿಂದೇನೆ ಮುಖ. ಹಿಟ್ಟು ತೊಳ್ದಿದ್ದು. ಯಾವಾಗ ತೊಳ್ಕಂಡಿದ್ನೋ ನೆನಪಿಲ್ಲ, ತೊಳ್ದಿದ್ದೇ ಬಂತು.”

ಅವರ ಮೌನದಲ್ಲಿ ಮತ್ತೆ ಒಬ್ಬ ಗಂಡಸು ನಿಂತಿದ್ದ. ಈ ಸಲ ಅವನು ಗಿಡ್ಡ ಎಂದು ನನಗೂ ತಿಳಿಯುತ್ತಿತ್ತು.

“ಇನ್ನು ಬಸ್ಸಿನಾಗೆ ಬರಲ್ಲ ಅಲ್ವಾ?”

ಇಲ್ಲ ಎಂದೆ. ಚೀಟಿಯೂ ಉಳಿದಿಲ್ಲ, ಉಳಿದಿದ್ದರೂ ಮುಖ ನೆನಪಾದ ಮೇಲೆ ಬರುವುದಿಲ್ಲ.

“ನಡ್ಕಂಡೇ ಬರ್ಬೇಕು.”

ಹೌದು ಎಂದೆ. ಅವರು ಎದ್ದು, ಹೊಸ್ತಿಲಲ್ಲಿ ಒಮ್ಮೆ ನಿಂತು, ಕಲ್ಲು ಕುಟ್ಟುವವರು ಯಾರಾದರೂ ಗೊತ್ತೇ, ಎರಡೂ ಹಾಳಾಗಿವೆ ಎಂದರು. ಪೇಟೆಯ ಕಲ್ಲುಕುಟಿಗರ ಬೀದಿಯಲ್ಲಿ ಒಬ್ಬರಿದ್ದಾರೆ, ನಡೆದು ಹೋಗಿ ಕರೆಯಬೇಕು ಎಂದೆ.

ಗಂಗಾಧರಯ್ಯನವರು ಎರಡು ದಿನ ಇದ್ದು ಹೋಗುತ್ತೇನೆ ಎಂದವರು ಇನ್ನೂ ಇಲ್ಲೇ ಇದ್ದಾರೆ. ಗಿರಣಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ. ಕಲ್ಲು ಕುಟ್ಟಿಸಲು ನಡೆದು ಹೋಗಿ ಬಂದದ್ದು ಅವರೇ. ಹೋಗುವಾಗ ಹಾಲಮ್ಮನಿಗೆ, ನನಗೆ, ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವರಿಗೆ, ದಾರಿಯಲ್ಲಿ ಸಿಕ್ಕ ಎಲ್ಲರಿಗೂ ಹೇಳಿ ಹೋದರು. ಚಹಾ ಕುಡಿಯಲು ಎದುರಿನ ಅಂಗಡಿಗೆ ಹೋಗುವುದಾದರೂ ಹೇಳಿಯೇ ಹೋಗುತ್ತಾರೆ. ಬೀದಿಯವರು ಅದಕ್ಕೆ ನಗುತ್ತಾರೆ, ಬಚ್ಚಲಿಗೆ ಹೋಗುವಾಗಲೂ ಹೇಳಿ ಹೋಗಪ್ಪ ಎನ್ನುತ್ತಾರೆ.

ನನ್ನ ಕಿಟಕಿಯಿಂದ ಗಿರಣಿ ಕಾಣುತ್ತದೆ. ಮುಂದಿನ ಬೆಂಚು ಈಗ ಅಲ್ಲಿಲ್ಲ. ಹಾಲಮ್ಮ ಅದನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಕಾಲುದಾರಿಯ ಕಡೆಗೆ ತಿರುಗಿಸಿ ಹಾಕಿಕೊಂಡಿದ್ದಾರೆ. ನಾಲ್ಕಕ್ಕೆ ಬಸ್ಸು ಬಂದರೆ ಅವರು ತಿರುಗಿ ನೋಡುವುದಿಲ್ಲ. ಇಲ್ಲಿಂದ ಅವರ ಬೆನ್ನು, ಒಂದು ಭುಜ ಮಾತ್ರ ನನಗೆ ಕಾಣುತ್ತದೆ. ನಿನ್ನೆ ಗಂಗಾಧರಯ್ಯನವರು ಹಿಟ್ಟಿನ ಕೈ ಕೊಡವಿಕೊಂಡು ಹೊರಗೆ ಬಂದು, “ಚಾ ಕುಡಿದು ಬರ್ತೀನಿ ಕಣಮ್ಮಾ,” ಎಂದರು.

“ಹೂಂ, ಹೋಗ್ಬಾ,” ಎಂದರು ಹಾಲಮ್ಮ, ದಾರಿಯಿಂದ ಕಣ್ಣು ತೆಗೆಯದೆ.